ನಮ್ಮೂರ ಗುಡ್ಡಕ್ಕೆ ಟ್ರಾಫಿಕ್ ಜಾಮ್ ಇಲ್ಲ

ಭಾನುವಾರ ಬಂತು ಅಂದ್ರೆ ನಮ್ಮ ನ್ಯೂಸ್ ರೂಮಿಗೆ ಒಂದು ಸುದ್ದಿ ತಪ್ಪದೆ ಬರುತ್ತೆ. ಮುಳ್ಳಯ್ಯನಗಿರಿ ರಸ್ತೆಯಲ್ಲಿ ಕಾರುಗಳ ಸಾಲು. ನಂದಿಬೆಟ್ಟದ ಗೇಟಿನ ಮುಂದೆ ಕತ್ತಲಲ್ಲೇ ಬೈಕುಗಳ ಜಾತ್ರೆ. ಗುಟ್ಟು ಹೇಳ್ತೀನಿ, ಹೋದ ವಾರದ ದೃಶ್ಯವನ್ನೇ ಈ ವಾರ ಹಾಕಿದ್ರೂ ಯಾರಿಗೂ ಗೊತ್ತಾಗಲ್ಲ. ಅಷ್ಟು ಒಂದೇ ಥರ ಇರುತ್ತೆ.

ಇತ್ತೀಚೆಗೆ ಅಂಥ ಒಂದು ಸಾಲಿನಲ್ಲಿ ನನ್ನ ಸೋದರಮಾವನ ಮಗನೂ ಇದ್ದ. ಬಳ್ಳಾರಿಯವನು. ಹೆಂಡತಿ, ಇಬ್ಬರು ಮಕ್ಕಳು, ಬಾಡಿಗೆ ಕಾರು. ಚಿಕ್ಕಮಗಳೂರಿಗೆ ಹೋಗೋಕೆ ಆರು ಗಂಟೆ, ಬೆಟ್ಟದ ಬುಡದಿಂದ ಮೇಲೆ ಹೋಗೋಕೆ ಮೂರು ಗಂಟೆ, ಮೇಲೆ ನಿಂತದ್ದು ಇಪ್ಪತ್ತು ನಿಮಿಷ. ಸಾಲಲ್ಲಿ ನಿಂತೇ ನನಗೆ ಫೋನ್ ಮಾಡಿದ್ದ. "ಅಲ್ಲೋ, ಮನೆ ಹತ್ರಾನೇ ಎಲ್ಲಾದ್ರೂ ಹೋಗಬಹುದಿತ್ತಲ್ಲ" ಅಂದೆ. ಅವನು ನಕ್ಕ. "ಬಳ್ಳಾರಿಯಾಗ ಏನೈತಿ ಹೇಳು ನೋಡೋಣ. ಬಿಸಿಲು ಬಿಟ್ರೆ ಧೂಳು" ಅಂದ.

ಇವತ್ತಿನ ಮಾತು ಅವನಿಗೆ ಉತ್ತರ. ನೀವೂ ಕೇಳಿಸಿಕೊಳ್ಳಿ.

ಮೊದಲು ಅವನು ಹೇಳಿದ್ರಲ್ಲಿ ನಿಜ ಎಷ್ಟಿದೆ ಅಂತ ನೋಡೋಣ. ನಾನು ಓದಿದ್ದು ಇಂಜಿನಿಯರಿಂಗ್. ಓದಿದ್ದಕ್ಕೂ ಮಾಡೋ ಕೆಲಸಕ್ಕೂ ಸಂಬಂಧ ಇಲ್ಲ ಅಂತ ಮನೆಯಲ್ಲಿ ಈಗ್ಲೂ ಅಂತಾರೆ. ಹಾಗಾಗಿ ಅವಕಾಶ ಸಿಕ್ಕಾಗ ಒಂದು ಲೆಕ್ಕ ಹಾಕಿಬಿಡ್ತೀನಿ. ಸಮುದ್ರಮಟ್ಟದಿಂದ ಮೇಲೆ ಹೋದ ಹಾಗೆ ಗಾಳಿ ತಣ್ಣಗಾಗುತ್ತೆ. ಎಷ್ಟು? ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ. ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಬಳ್ಳಾರಿ ನಗರ ಇರೋದು ಐನೂರು ಮೀಟರಿಗಿಂತ ಸ್ವಲ್ಪ ಕೆಳಗೆ. ವ್ಯತ್ಯಾಸ 1,400 ಮೀಟರಿಗೂ ಜಾಸ್ತಿ, ಅಂದ್ರೆ ಒಂಬತ್ತು ಡಿಗ್ರಿಯಷ್ಟು ತಂಪು. ಜನ ಸುಮ್ಮನೆ ಹೋಗಲ್ಲ ಅಲ್ಲಿಗೆ.

ಈಗ ಬಳ್ಳಾರಿ ಕೋಟೆ ಗುಡ್ಡಕ್ಕೆ ಅದೇ ಲೆಕ್ಕ ಹಾಕಿ. ನೆಲದಿಂದ ಅದರ ಎತ್ತರ ಸುಮಾರು 450 ಅಡಿ, ಅಂದ್ರೆ 140 ಮೀಟರ್ ಹತ್ತಿರ. ತಂಪು ಎಷ್ಟು ಸಿಗುತ್ತೆ? ಒಂದು ಡಿಗ್ರಿನೂ ಪೂರ್ತಿ ಇಲ್ಲ. ಕೆಳಗೆ 40 ಇದ್ರೆ ಮೇಲೆ 39. ಆ ಒಂದು ಡಿಗ್ರಿಗಾಗಿ ಮಧ್ಯಾಹ್ನ ಹನ್ನೆರಡಕ್ಕೆ ಮೆಟ್ಟಿಲು ಹತ್ತಿದವನು "ಇಲ್ಲೇನೂ ಇಲ್ಲ" ಅನ್ನದೆ ಇನ್ನೇನು ಅಂತಾನೆ?

ಇದಕ್ಕಿಂತ ಮುಖ್ಯವಾದ ಲೆಕ್ಕ ಇನ್ನೊಂದಿದೆ. ನಮ್ಮ ಗುಡ್ಡಗಳು ಬರಿ ಬಂಡೆ. ಮರದ ನೆರಳು ಕಡಿಮೆ. ಒಂದು ಘನ ಮೀಟರ್ ಗ್ರಾನೈಟ್ ಕಲ್ಲು 2,700 ಕಿಲೋ ತೂಗುತ್ತೆ. ಅದು ಹತ್ತು ಡಿಗ್ರಿ ಬಿಸಿಯಾಗಬೇಕಾದ್ರೆ ಹೀರಿಕೊಳ್ಳೋ ಶಾಖ, ನಿಮ್ಮ ಮನೆ ಮೀಟರಿನ ಭಾಷೆಯಲ್ಲಿ ಹೇಳೋದಾದ್ರೆ, ಸುಮಾರು ಆರು ಯೂನಿಟ್. ಒಂದು ಟನ್ನಿನ ಎಸಿ ಐದು ಗಂಟೆ ಓಡಿಸೋ ಕರೆಂಟು! ಒಂದು ಘನ ಮೀಟರಿಗೇ ಇಷ್ಟು. ಹಗಲೆಲ್ಲ ತುಂಬಿಕೊಂಡ ಈ ಶಾಖವನ್ನ ಬಂಡೆ ರಾತ್ರಿಯೆಲ್ಲ ನಿಧಾನವಾಗಿ ಬಿಟ್ಟುಕೊಡುತ್ತೆ. ಸಂಜೆ ಆರಕ್ಕೆ ಗುಡ್ಡದ ಮೇಲೆ ಕೂತವರಿಗೆ ಕೆಳಗಿಂದ ಕಾವು ಹೊಡೆಯೋದು ಅದಕ್ಕೇ. ಬಂಡೆ ಪೂರ್ತಿ ತಣ್ಣಗಾಗಿರೋದು ಬೆಳಗಿನ ಜಾವಕ್ಕೆ.

ಹಾಗಾಗಿ ಎತ್ತರದಿಂದ ಸಿಗದ ತಂಪನ್ನ ನಾವು ಹೊತ್ತು ನೋಡಿ ಪಡೀಬೇಕು. ಮನೆ ಬಿಡೋದು ಐದೂವರೆಗೆ, ಹತ್ತೋಕೆ ಶುರು ಮಾಡೋದು ಬೆಳಕು ಹರಿದ ಮೇಲೆ, ಇಳಿಯೋದು ಒಂಬತ್ತರ ಒಳಗೆ. ನವೆಂಬರಿಂದ ಫೆಬ್ರವರಿ ಒಳ್ಳೆ ಕಾಲ. ಮಳೆಗಾಲದ ಕೊನೆಯಲ್ಲಿ ಹಸಿರು ಚೆನ್ನಾಗಿರುತ್ತೆ, ಆದ್ರೆ ಪಾಚಿ ಹಿಡಿದ ಬಂಡೆ ಸೋಪಿನ ಥರ ಜಾರುತ್ತೆ. ಏಪ್ರಿಲ್, ಮೇ ತಿಂಗಳಲ್ಲಿ ಗುಡ್ಡದ ಕಡೆ ತಲೆ ಹಾಕಬೇಡಿ. ತಲೆ ಹಾಕಿದ್ರೆ ಏನಾಗುತ್ತೆ ಅಂತ ಆಮೇಲೆ ಹೇಳ್ತೀನಿ.

ಮೊದಲನೇ ಭಾನುವಾರ ಊರೊಳಗಿನ ಕೋಟೆ ಗುಡ್ಡ. ಮೆಟ್ಟಿಲು ಇದೆ, ಮಕ್ಕಳೂ ಹತ್ತಬಹುದು. ಮೇಲುಕೋಟೆ ಕಟ್ಟಿಸಿದ್ದು ವಿಜಯನಗರ ಕಾಲದ ಪಾಳೇಗಾರ ಹನುಮಪ್ಪ ನಾಯಕ. ಕೆಳಗಿನ ಕೋಟೆ ಹೈದರಾಲಿಯದು. ಇದಕ್ಕೊಂದು ಕಥೆ ಇದೆ, ಬಳ್ಳಾರಿಯಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಗೊತ್ತು. ಕೋಟೆ ಬಲಪಡಿಸೋಕೆ ಹೈದರ್ ಒಬ್ಬ ಫ್ರೆಂಚ್ ಇಂಜಿನಿಯರನ್ನ ಇಟ್ಟುಕೊಂಡಿದ್ದನಂತೆ. ಎಲ್ಲ ಕಟ್ಟಿ ಮುಗಿದ ಮೇಲೆ ನೋಡ್ತಾರೆ, ಪಕ್ಕದ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ! ಅಲ್ಲಿ ಫಿರಂಗಿ ಇಟ್ರೆ ಕೋಟೆ ಕಥೆ ಮುಗೀತು. ಸಿಟ್ಟಿಗೆದ್ದ ಹೈದರ್ ಆ ಇಂಜಿನಿಯರನ್ನ ಕೋಟೆ ಬಾಗಿಲಲ್ಲೇ ನೇಣಿಗೆ ಹಾಕಿಸಿದ ಅಂತ ಕಥೆ. ಇದು ಜನ ಹೇಳಿಕೊಂಡು ಬಂದದ್ದು, ಇತಿಹಾಸ ಅಂತ ಸಹಿ ಹಾಕೋಕಾಗಲ್ಲ. ಆದ್ರೂ ಸರ್ವೇ ಪೇಪರಿಗೆ ಓದದೆ ಹೋಗಿ ಕೂತ ಯಾವ ಇಂಜಿನಿಯರಿಂಗ್ ಹುಡುಗನಿಗೂ ಈ ಕಥೆ ಕೇಳಿದ್ರೆ ಕತ್ತು ಮುಟ್ಟಿ ನೋಡ್ಕೊಳ್ಳಬೇಕು ಅನ್ನಿಸುತ್ತೆ.

ಮೇಲೆ ನಿಂತು ಆ ಕುಂಬಾರ ಗುಡ್ಡವನ್ನೇ ನೋಡಿ. ಒಂದು ದಿಕ್ಕಿನಿಂದ ಅಂಗಾತ ಮಲಗಿದ ಮನುಷ್ಯನ ಮುಖ ಕಾಣುತ್ತೆ, ಅದಕ್ಕೇ ಫೇಸ್ ಹಿಲ್ ಅಂತಾನೂ ಕರೀತಾರೆ. ಕೋಟೆ ಗುಡ್ಡ ಜಗತ್ತಿನ ಎರಡನೇ ಅತಿ ದೊಡ್ಡ ಏಕಶಿಲೆ ಅನ್ನೋ ಮಾತನ್ನೂ ಕೇಳಿರ್ತೀರಿ. ನಾನೂ ಒಮ್ಮೆ ಅದನ್ನ ಸುದ್ದಿಯಲ್ಲಿ ಓದಿದ್ದೀನಿ, ತಪ್ಪಾಯ್ತು. ಮಧುಗಿರಿಯವರೂ ಇಂಥದ್ದೇ ದಾಖಲೆ ಹೇಳ್ತಾರೆ. ಟೇಪ್ ಹಿಡಿದು ಅಳೆದವರು ಯಾರು?

ದಾಖಲೆ ಬೇಕಿದ್ರೆ ವಯಸ್ಸಿನದು ತಗೊಳ್ಳಿ. ಈ ಭಾಗದ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ಹಿಮಾಲಯ ಏಳೋಕೆ ಶುರುವಾಗಿ ಬರೀ ಐದು ಕೋಟಿ ವರ್ಷ ಆಗಿರಬಹುದು. ನೆಲದಾಳದಲ್ಲಿ ಕರಗಿದ್ದ ಶಿಲೆ ತಣ್ಣಗಾಗಿ ಗಟ್ಟಿಯಾಯ್ತು, ಅದರಲ್ಲಿ ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿತ್ತು. ಬಿರುಕಿಗೆ ನೀರು ಇಳೀತು. ಮಣ್ಣಿನ ಕೆಳಗೇ ಕಲ್ಲಿನ ಮೂಲೆಗಳು ಕೊಳೆತು, ಚೌಕ ಇದ್ದದ್ದು ಗುಂಡಗಾಯ್ತು. ಆಮೇಲೆ ಮಳೆ ಆ ಮಣ್ಣನ್ನ ತೊಳೆದುಕೊಂಡು ಹೋಯ್ತು, ಗುಂಡುಗಳು ಒಂದರ ಮೇಲೊಂದು ನಿಂತವು. "ಯಾವ ಭೀಮ ಎತ್ತಿಟ್ಟ ಇದನ್ನ" ಅಂತ ಮಕ್ಕಳು ಕೇಳಿದ್ರೆ ಹೇಳಿ, ಯಾರೂ ಎತ್ತಿಟ್ಟಿಲ್ಲ ಮಗಾ, ಸುತ್ತಲಿದ್ದದ್ದನ್ನ ನೀರು ಒಯ್ದಿದೆ ಅಂತ.

ಎರಡನೇ ಭಾನುವಾರ ಗಾಡಿ ತೆಗೀರಿ. ಬಳ್ಳಾರಿಯಿಂದ ಕುರುಗೋಡಿಗೆ ಮೂವತ್ತು ಕಿಲೋಮೀಟರ್ ಹತ್ತಿರ. ಹಿಂದೆ ಬಳ್ಳಾರಿ ತಾಲ್ಲೂಕಿನಲ್ಲಿತ್ತು, ಈಗ ಅದೇ ತಾಲ್ಲೂಕು ಕೇಂದ್ರ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಸಿಂದರ ರಾಜಧಾನಿ. ದೊಡ್ಡಬಸವೇಶ್ವರ ಗುಡಿಯ ಒಳಗೆ ಎರಡಾಳು ಎತ್ತರದ ಒಂದೇ ಕಲ್ಲಿನ ಬಸವಣ್ಣ ಕೂತಿದ್ದಾನೆ. ಸಾಮಾನ್ಯವಾಗಿ ನಂದಿ ಇರೋದು ಲಿಂಗದ ಮುಂದೆ. ಇಲ್ಲಿ ಗರ್ಭಗುಡಿಯ ದೇವರೇ ಬಸವಣ್ಣ. ತೇರಿನ ದಿನ ಕಾಲಿಡೋಕೆ ಜಾಗ ಇರಲ್ಲ, ಬೇರೆ ಭಾನುವಾರ ಹೋದ್ರೆ ಶಾಂತ. ಊರಿನ ಸುತ್ತ ಗುಡ್ಡಗಳ ಗುಂಪು, ಅವುಗಳ ಬುಡದಲ್ಲಿ ಹಳೆ ಗುಡಿಗಳು, ಮೇಲೆ ಕೋಟೆಯ ಗೋಡೆಯ ತುಂಡುಗಳು. ಇಲ್ಲಿ ಬುಡದ ಸುತ್ತ ನಡೆದರೇ ಸಾಕು, ಒಂದೂವರೆ ಗಂಟೆ ಹಾಯಾಗಿ ಕಳೆಯುತ್ತೆ. ಒಂದು ಎಚ್ಚರಿಕೆ. ಈ ಸೀಮೆಯ ಕಲ್ಲುಗುಡ್ಡಗಳಲ್ಲಿ ಕರಡಿ ಇದೆ. ದರೋಜಿ ಕರಡಿಧಾಮ ಇಲ್ಲಿಂದ ಬಹಳ ದೂರ ಇಲ್ಲ, ಕರಡಿಗೆ ಧಾಮದ ಬೇಲಿ ಎಲ್ಲಿದೆ ಅಂತ ಗೊತ್ತೂ ಇಲ್ಲ. ಕತ್ತಲಿರುವಾಗ ಪೊದೆ, ಗವಿ ಕಡೆ ಹೋಗಬೇಡಿ. ಕುರಿ ಕಾಯೋರು ಸಿಕ್ಕರೆ ಒಂದು ಮಾತು ಕೇಳಿ ಮುಂದೆ ಹೋಗಿ. ಗೂಗಲ್ ಮ್ಯಾಪಿಗಿಂತ ಅವರು ಜಾಸ್ತಿ ಅಪ್‌ಡೇಟ್ ಇರ್ತಾರೆ.

ಅಲ್ಲಿಂದ ಸಿರುಗುಪ್ಪದ ಕಡೆ ಹೊರಟ್ರೆ, ನೋಡಿ, ಭೂಮಿನೇ ಬದಲಾಗುತ್ತೆ. ಗುಡ್ಡ ಹಿಂದೆ ಬೀಳುತ್ತೆ, ಎರೆಭೂಮಿ ಶುರುವಾಗುತ್ತೆ, ತುಂಗಭದ್ರಾ ಕಾಲುವೆ ನೀರು ಬಿಟ್ಟ ತಿಂಗಳಾದ್ರೆ ಎರಡೂ ಬದಿ ಭತ್ತದ ಗದ್ದೆ, ಬೆಳ್ಳಕ್ಕಿ ಹಿಂಡು. ಕರ್ನಾಟಕದಲ್ಲಿ ಸೀನಿಕ್ ಡ್ರೈವ್ ಅಂದ್ರೆ ಘಾಟಿ ರಸ್ತೆ ಮಾತ್ರ ಅಂದುಕೊಂಡವರು ಡಿಸೆಂಬರ್ ಬೆಳಗ್ಗೆ ಏಳಕ್ಕೆ ಈ ರಸ್ತೆ ನೋಡಬೇಕು. ದಾರಿಯಲ್ಲಿ ಒಗ್ಗರಣೆ ಮಂಡಕ್ಕಿ, ಜೊತೆಗೆ ಮಿರ್ಚಿ. ರೆಸಾರ್ಟಿನ ಬಫೆ ಪಕ್ಕಕ್ಕಿಡಿ.

ಬಳ್ಳಾರಿ–ಸಿರುಗುಪ್ಪ ಹೆದ್ದಾರಿಯಲ್ಲೇ ತೆಕ್ಕಲಕೋಟೆ ಸಿಗುತ್ತೆ. ಬಸ್ಸಿನಲ್ಲಿ ಹೋಗೋರಿಗೆ ಅದೊಂದು ಸ್ಟಾಪ್ ಅಷ್ಟೆ. ಅಲ್ಲಿನ ಗುಡ್ಡಗಳ ಮೇಲೆ 1963–64ರಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರಾ ಉತ್ಖನನ ಮಾಡಿದ್ರು. ಸಿಕ್ಕಿದ್ದೇನು? ಬಂಡೆಗಳ ನಡುವಿನ ಸಮತಟ್ಟು ಜಾಗದಲ್ಲಿ ದುಂಡನೆ ಗುಡಿಸಲುಗಳ ಗುರುತು, ಕಲ್ಲಿನ ಕೊಡಲಿಗಳು, ಸಮಾಧಿಗಳು, ಚಿನ್ನದ ಆಭರಣ ಕೂಡ. ಕ್ರಿಸ್ತಪೂರ್ವ ಎರಡನೇ ಸಾವಿರಮಾನದ ಜನ ಅವರು. ಅವರ ಮೇಲೆ ಬರೆದ ಪುಸ್ತಕಕ್ಕೆ ಇಟ್ಟ ಹೆಸರಿನಲ್ಲೇ ಅವರು ಗುಡ್ಡದ ನಿವಾಸಿಗಳು ಅಂತ ಇದೆ. ನಾವು ವೀಕೆಂಡಿಗೆ ಗುಡ್ಡ ಹುಡುಕ್ತೀವಿ. ಅವರಿಗೆ ಅದೇ ಮನೆ ವಿಳಾಸ. ಯಾಕೆ ಅಂತ ಮೇಲೆ ಹತ್ತಿದ್ರೆ ತಿಳಿಯುತ್ತೆ. ಗಾಳಿ ಇದೆ, ಬಂಡೆ ಸಂದಿಯಲ್ಲಿ ಮಳೆನೀರು ನಿಲ್ಲುತ್ತೆ, ದನ ಎಲ್ಲಿ ಮೇಯ್ತಿವೆ ಅಂತ ಕೂತಲ್ಲೇ ಕಾಣುತ್ತೆ.

ಅದೇ ಭಾಗದ ನಿಟ್ಟೂರು ಮತ್ತು ಉಡೆಗೋಳದಲ್ಲಿ ಅಶೋಕನ ಶಾಸನಗಳಿವೆ, 1970ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂದವು. ಅದರಲ್ಲೇನು ವಿಶೇಷ? ದೇಶದ ಬಹುತೇಕ ಶಾಸನಗಳಲ್ಲಿ ಈ ರಾಜ ತನ್ನನ್ನ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತಷ್ಟೇ ಕರ್ಕೊಳ್ತಾನೆ. ಆ ಪ್ರಿಯದರ್ಶಿನೇ ಅಶೋಕ ಅಂತ ಕಲ್ಲಿನ ಮೇಲೆ ಹೆಸರು ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಆಮೇಲೆ ಹೆಸರು ಸಿಕ್ಕ ಬೆರಳೆಣಿಕೆಯ ಜಾಗಗಳಲ್ಲಿ ಎರಡು ಸಿರುಗುಪ್ಪ ತಾಲ್ಲೂಕಿನವು. ಮಕ್ಕಳ ಪಠ್ಯಪುಸ್ತಕದ ಅಶೋಕ, ಭತ್ತದ ಗದ್ದೆ ಪಕ್ಕ ತನ್ನ ಹೆಸರು ಬರೆಸಿ ಹೋಗಿದ್ದಾನೆ. ಸಿರುಗುಪ್ಪ ದಾಟಿ ಹೊಳೆ ದಂಡೆಯ ಕೆಂಚನಗುಡ್ಡಕ್ಕೆ ಹೋಗಿ ತುಂಗಭದ್ರೆಗೆ ಕಾಲು ಇಳಿಬಿಟ್ಟು ಕೂತ್ರೆ ಅವತ್ತಿನ ಪ್ರವಾಸ ಮುಗೀತು. ನೀರು ಜಾಸ್ತಿ ಇದ್ದಾಗ ದಡದಲ್ಲೇ ಇರಿ, ಬಂಡೆ ಮೇಲೆ ಸೆಲ್ಫಿ ಬೇಡ. ಅಂಥ ಸುದ್ದಿ ಓದಿ ಓದಿ ನನಗೆ ಸಾಕಾಗಿದೆ.

ಮೂರನೇ ಭಾನುವಾರದ್ದು ಸಂಗನಕಲ್ಲು. ಬಳ್ಳಾರಿಯಿಂದ ಹತ್ತು ಕಿಲೋಮೀಟರ್ ಒಳಗೇ. ಪಕ್ಕದ ಕಪ್ಪಗಲ್ಲಿನ ಹಿರೇಗುಡ್ಡವೂ ಸೇರಿ ಇದು ದಕ್ಷಿಣ ಭಾರತದ ಬಹಳ ಮುಖ್ಯವಾದ ನವಶಿಲಾಯುಗದ ನೆಲೆ. ರಾಬರ್ಟ್ ಬ್ರೂಸ್ ಫೂಟ್ 1872ರಲ್ಲಿ ಇಲ್ಲಿ ಕಲ್ಲುಕೊಡಲಿ ತಯಾರಿಸುತ್ತಿದ್ದ ಜಾಗ ಗುರುತಿಸಿದ. 1940ರ ದಶಕದಲ್ಲಿ ಬೆಂಡಪೂಡಿ ಸುಬ್ಬರಾವ್ ಅಗೆದರು. ಆಮೇಲೆ ಧಾರವಾಡದ ರವಿ ಕೋರಿಶೆಟ್ಟರ್, ಅವರ ಜೊತೆ ನಿಕೋಲ್ ಬೊಯ್ವಿನ್, ಡೋರಿಯನ್ ಫುಲ್ಲರ್ ವರ್ಷಗಟ್ಟಲೆ ಕೆಲಸ ಮಾಡಿದ್ರು. ಇಲ್ಲಿನವರು ಏನು ಬೆಳೀತಿದ್ರು ಗೊತ್ತಾ? ಹುರುಳಿ, ಹೆಸರು, ಕೊರಲೆ. ನಾಲ್ಕು ಸಾವಿರ ವರ್ಷದ ಹಿಂದಿನ ಅಡುಗೆಮನೆಯ ಹುರುಳಿ ಇವತ್ತಿಗೂ ನಮ್ಮ ಅಡುಗೆಮನೆಯಲ್ಲಿದೆ. ಬಳ್ಳಾರಿಯಲ್ಲಿ ಫೂಟ್ ಹೆಸರಿನ ಮ್ಯೂಸಿಯಂ ಇದೆ, ಗುಡ್ಡಕ್ಕೆ ಹೋಗೋ ಮೊದಲು ಅದನ್ನ ನೋಡಿದ್ರೆ ಕಣ್ಣಿಗೆ ಏನು ಹುಡುಕಬೇಕು ಅಂತ ಗೊತ್ತಿರುತ್ತೆ.

ಗ್ರಾನೈಟ್ ಗುಡ್ಡದ ಮಧ್ಯೆ ಒಂದು ಕಡೆ ಕಪ್ಪು ಕಲ್ಲಿನ ಪಟ್ಟಿ ಹಾದುಹೋಗಿದೆ. ಅದು ಡಾಲರೈಟ್. ಕೊಡಲಿಗೆ ಬೇಕಾದ ಗಟ್ಟಿ ಕಲ್ಲು ಅದೇ. ಆ ಕಪ್ಪು ಬಂಡೆಗಳ ಮೇಲೆ ಉದ್ದ ಕೊಂಬಿನ ಎತ್ತುಗಳು, ಮನುಷ್ಯರು, ಹೀಗೆ ಕುಟ್ಟಿ ಮೂಡಿಸಿದ ಚಿತ್ರಗಳು ತುಂಬಾ ಇವೆ. ಕೆಲವು ಬಂಡೆಗಳಲ್ಲಿ ಬಟ್ಟಲಿನಂಥ ಗುಳಿ. ಅಲ್ಲಿ ಕಲ್ಲಿನಿಂದ ಹೊಡೆದ್ರೆ ಗಂಟೆ ಹಾಗೆ ನಾದ ಬರುತ್ತೆ. ಬೊಯ್ವಿನ್ 2004ರಲ್ಲಿ ಇದರ ಬಗ್ಗೆ ಬರೆದಾಗ ಜಗತ್ತಿನ ಪತ್ರಿಕೆಗಳೆಲ್ಲ ಸುದ್ದಿ ಮಾಡಿದ್ವು. ಕಲ್ಲುಗಣಿಗಾರಿಕೆಯಿಂದ ಈ ಗುಡ್ಡಕ್ಕೆ ಆಗ್ತಿದ್ದ ಹಾನಿಯ ಮಾತೂ ಅವತ್ತೇ ಬಂದಿತ್ತು. ಜನ ಹೋಗದ ಗುಡ್ಡ ಕಾಗದದ ಮೇಲೆ ಬರೀ ಒಂದು ಸರ್ವೇ ನಂಬರ್. ಅದರ ಒಂದು ಮಗ್ಗುಲು ಒಂದು ದಿನ ಇಲ್ಲ ಅಂದ್ರೂ "ನಿನ್ನೆ ಇತ್ತಲ್ಲ" ಅನ್ನೋಕೆ ಯಾರೂ ಇರಲ್ಲ. ನೀವು ಹೋಗಿ ಅಂತ ನಾನು ಇಷ್ಟು ಒತ್ತಿ ಹೇಳ್ತಿರೋದು ಇದಕ್ಕೆ. ಹಾಗೆ ಹೇಳುವಾಗ ನಾನು ಹೋದಾಗ ಏನು ಮಾಡಿದೆ ಅನ್ನೋದನ್ನೂ ಹೇಳಬೇಕಲ್ಲ.

ಇಂಜಿನಿಯರಿಂಗ್ ಎರಡನೇ ವರ್ಷ. ಏಪ್ರಿಲ್ ತಿಂಗಳು, ಮಧ್ಯಾಹ್ನ. ಐದು ಜನ, ಮೂರು ಬೈಕು, ಎರಡು ಬಾಟಲಿ ನೀರು. ಅರ್ಧ ಗುಡ್ಡ ಹತ್ತುವಷ್ಟರಲ್ಲಿ ನೀರು ಖಾಲಿ. ಒಬ್ಬನಿಗೆ ತಲೆ ತಿರುಗಿ ಕೂತ. ಬೆವರು ನಿಂತುಹೋಗಿತ್ತು ಅವನಿಗೆ. ಅದು ಎಷ್ಟು ಅಪಾಯದ ಲಕ್ಷಣ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಕುರಿ ಮೇಯಿಸ್ತಿದ್ದ ಒಬ್ಬ ತಾತ ನೋಡಿ ಓಡಿ ಬಂದ್ರು. "ಏನ್ರಪಾ, ಬಂಡಿ ಮ್ಯಾಲ ರೊಟ್ಟಿ ಸುಡೋ ಹೊತ್ತಿನಾಗ ಬಂದೀರಲ್ಲ!" ಅಂತ ಬೈದು, ತಮ್ಮ ಕ್ಯಾನಿನ ನೀರನ್ನ ಅವನ ತಲೆ, ಕುತ್ತಿಗೆ ಮೇಲೆ ಸುರಿದು, ಬಂಡೆ ನೆರಳಿಗೆ ಎಳೆದು ಮಲಗಿಸಿದ್ರು. ಅವನು ಕಣ್ಣುಬಿಟ್ಟು ಮಾತಾಡಿದ ಮೇಲೆ ಗುಟುಕು ಗುಟುಕಾಗಿ ಕುಡಿಸಿದ್ರು. ತಮಗೆ ಸಂಜೆವರೆಗೆ ಬೇಕಿದ್ದ ನೀರು ಅದು.

ಅವನು ಸುಧಾರಿಸಿಕೊಳ್ಳೋವರೆಗೆ ಕೂರಬೇಕಿತ್ತು. "ತಾತಾ, ಕಲ್ಲು ಗಂಟೆ ಹೊಡೀತಾವಂತಲ್ಲ, ಯಾವ ಕಲ್ಲು?" ಅಂತ ಕೇಳಿದೆ. ತೋರಿಸಿದ್ರು. ಗುಳಿಯೊಳಗೆ ಒಂದೇ ಸಲ ಕುಟ್ಟಿದ್ರು. ಆ ಸದ್ದು ಎದುರಿನ ಬಂಡೆಗೆ ತಾಗಿ ಬಂತು. "ಸಾಕ್ರಪಾ. ದಿನಾ ಬಡದ್ರ ಕಲ್ಲಿಗೂ ಬ್ಯಾಸರ" ಅಂತ ಹೇಳಿ ಕುರಿ ಹಿಂದೆ ಹೊರಟರು. ಅವರು ಮರೆಯಾದ ಮೇಲೆ ನಾನು ಬೈಕಿನ ಕೀ ತೆಗೆದು ಕಪ್ಪು ಬಂಡೆ ಮೇಲೆ ನನ್ನ ಹೆಸರಿನ ಎರಡಕ್ಷರ ಕೆತ್ತಿದೆ. ಕೀ ಸಾಲದೆ ಒಂದು ಚೂಪು ಕಲ್ಲು ತಗೊಂಡು ಕುಟ್ಟಿದೆ. ಎತ್ತು ಬಿಡಿಸಿದವರು ಮಾಡಿದ್ದೂ ಅದನ್ನೇ ಅಲ್ವಾ ಅಂತ ಗೆಳೆಯರು ನಕ್ಕರು.

ಚಾನೆಲ್ ಸೇರಿ ಎಷ್ಟೋ ವರ್ಷ ಆದ ಮೇಲೆ ಕ್ಯಾಮೆರಾ ತಂಡದ ಜೊತೆ ಅದೇ ಗುಡ್ಡ ಹತ್ತಿದೆ. ಈ ಸಲ ಬೆಳಗ್ಗೆ. ಕ್ಯಾಮೆರಾಮನ್ ಒಂದು ಎತ್ತಿನ ಚಿತ್ರಕ್ಕೆ ಫೋಕಸ್ ಮಾಡ್ತಿದ್ದವನು, "ಸರ್, ಇಲ್ಲಿ ಯಾರೋ ಏನೋ ಬರ್ದಿದ್ದಾರೆ" ಅಂದ. ಹತ್ತಿರ ಹೋಗಿ ನೋಡಿದೆ. ನನ್ನ ಎರಡಕ್ಷರ.

ಒಂದು ವಿಷಯ ಆಗ ಅರ್ಥ ಆಯ್ತು. ಡಾಲರೈಟ್ ಬಂಡೆಯ ಮೇಲೆ ಗಾಳಿ, ಮಳೆ, ಬಿಸಿಲು ಸೇರಿ ಒಂದು ಕಂದು ಪದರ ಕಟ್ಟುತ್ತೆ, ಬಹಳ ನಿಧಾನವಾಗಿ. ಕುಟ್ಟಿದಾಗ ಆ ಪದರ ಹೋಗಿ ಒಳಗಿನ ತಿಳಿ ಬಣ್ಣ ಕಾಣುತ್ತೆ. ಸಾವಿರಾರು ವರ್ಷದ ಎತ್ತಿನ ಮೇಲೆ ಪದರ ಮತ್ತೆ ಕಟ್ಟಿಕೊಂಡಿದೆ, ಅದು ಬಂಡೆಯ ಬಣ್ಣಕ್ಕೇ ತಿರುಗಿದೆ. ಯಾವುದು ಹಳೆಯದು ಯಾವುದು ಹೊಸದು ಅಂತ ಸಂಶೋಧಕರು ಅಂದಾಜು ಮಾಡೋದಕ್ಕೆ ಇದೂ ಒಂದು ದಾರಿ. ನನ್ನ ಅಕ್ಷರ ಮಾತ್ರ ನಿನ್ನೆ ಗೀಚಿದ ಹಾಗೆ ಬೆಳ್ಳಗೆ ಹೊಳೀತಿತ್ತು. ಅಳಿಸೋಕೆ ಹೋದ್ರೆ ಇನ್ನಷ್ಟು ಪದರ ಹೋಗುತ್ತೆ, ಬಣ್ಣ ಬಳಿದ್ರೆ ಬಂಡೆ ಹಾಳು. ಏನೂ ಮಾಡೋ ಹಾಗಿಲ್ಲ.

"ಇದನ್ನೂ ತಗೊಳ್ಲಾ ಸರ್?" ಅಂತ ಕೇಳಿದ. ತಗೋ ಅಂದೆ. ಯಾರದ್ದು ಅಂತ ಹೇಳಲಿಲ್ಲ. ಆಫೀಸಿಗೆ ಬಂದು ಎಡಿಟ್‌ನಲ್ಲಿ ಆ ಶಾಟ್ ತೆಗೆಸಿಬಿಟ್ಟೆ. ಅವತ್ತಿನ ಸುದ್ದಿಯಲ್ಲಿ ಎತ್ತಿನ ಚಿತ್ರ ಮಾತ್ರ ಹೋಯ್ತು, ಗುಡ್ಡಗಳನ್ನ ಉಳಿಸಿಕೊಳ್ಳಿ ಅಂತ ಕೊನೆಯಲ್ಲಿ ನಾನು ಗಂಭೀರವಾಗಿ ಹೇಳಿದ್ದೂ ಹೋಯ್ತು.

ಮಾವನ ಮಗ ಬರೋ ಭಾನುವಾರ ಮಕ್ಕಳನ್ನ ಕರ್ಕೊಂಡು ಸಂಗನಕಲ್ಲಿಗೆ ಹೋಗ್ತಾನಂತೆ. ನಾನೂ ಬರ್ತೀನಿ ಅಂದಿದ್ದೀನಿ. ಮಕ್ಕಳು ಆ ಅಕ್ಷರ ಯಾರದ್ದು ಅಂತ ಕೇಳೇ ಕೇಳ್ತಾರೆ. ಅವತ್ತು ತೆಗೆಸಿದ್ದ ಶಾಟ್ ಲೈಬ್ರರಿಯಲ್ಲಿ ಇನ್ನೂ ಇತ್ತು, ಹುಡುಕಿಸಿದ್ದೀನಿ. ಈಗ ನಿಮ್ಮ ಪರದೆ ಮೇಲೆ, ಎತ್ತಿನ ಬಲಗಡೆ ಕಾಣ್ತಿದೆಯಲ್ಲ, ಅದೇ.